ಬಿಸಿಯೂಟ ನಿಂತ ಮೇಲೆ: ಕಾಲೇಜಿನಲ್ಲಿ ಊಟ ಶುರು ಮಾಡೋದು ಹೇಗೆ?

ಮಧ್ಯಾಹ್ನ ಒಂದೂಕಾಲಿಗೆ ಲೈಬ್ರರಿಯಲ್ಲಿ ಕೂತಿರುವ ಮಕ್ಕಳೆಲ್ಲ ಓದುವ ಮಕ್ಕಳು ಅಂತ ನಾನು ತುಂಬಾ ವರ್ಷ ನಂಬಿದ್ದೆ. ಒಂದು ದಿನ ಪೇಪರ್ ನೋಡೋಣ ಅಂತ ಹೋದೆ. ಎರಡನೇ ವರ್ಷದ ಬಿ.ಕಾಂ. ಹುಡುಗಿಯೊಬ್ಬಳು ಹಿಡಿದು ಕೂತಿದ್ದಳು. "ಮುಗೀತೇನಮ್ಮ?" ಅಂದೆ. ತಕ್ಷಣ ಕೊಟ್ಟಳು. ನೋಡಿದರೆ ಅದು ನಿನ್ನೆಯ ಪೇಪರ್. "ಊಟ ಆಯ್ತಾ?" ಅಂದೆ. "ಆಯ್ತು ಮೇಡಂ" ಅಂದಳು. ಊಟದ ಬೆಲ್ ಹೊಡೆದು ಐದು ನಿಮಿಷವೂ ಆಗಿರಲಿಲ್ಲ.

ನಾನಿರೋದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರಕಾರಿ ಪದವಿ ಕಾಲೇಜಿನಲ್ಲಿ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಹತ್ತನೇ ತರಗತಿಯವರೆಗೆ ಶಾಲೆಯಲ್ಲಿ ಬಿಸಿಯೂಟ ಉಂಡವರು, ಹಾಲು ಕುಡಿದವರು, ಮೊಟ್ಟೆ ತಿಂದವರು. ಪಿಯುಸಿಗೆ ಕಾಲಿಟ್ಟ ದಿನ ಅದೆಲ್ಲ ನಿಂತುಹೋಯಿತು. ಹದಿನಾರು ವರ್ಷಕ್ಕೆ ಹೊಟ್ಟೆ ಚಿಕ್ಕದಾಗುತ್ತದೆಯೇ? ಪಕ್ಕದ ಆಂಧ್ರದಲ್ಲಿ 2025ರ ಜನವರಿಯಿಂದ ಸರಕಾರಿ ಜೂನಿಯರ್ ಕಾಲೇಜುಗಳಿಗೂ ಮಧ್ಯಾಹ್ನದ ಊಟ ಕೊಡುತ್ತಿದ್ದಾರೆ. ನಮ್ಮಲ್ಲೂ ಬರಲಿ ಅಂತ ಕೇಳುತ್ತಿರಬೇಕು, ಸರಿ. ಆದರೆ ಅದು ಬರುವವರೆಗೆ ಈಗಿರುವ ಮಕ್ಕಳು ಡಿಗ್ರಿ ಮುಗಿಸಿ ಹೋಗಿರುತ್ತಾರೆ.

ಆದ್ದರಿಂದ ಇದು ಅಧ್ಯಾಪಕರಿಗೆ, ಎನ್‌ಎಸ್‌ಎಸ್ ಹುಡುಗರಿಗೆ, ಹಳೆ ವಿದ್ಯಾರ್ಥಿಗಳಿಗೆ ಬರೆದದ್ದು. ನಾವು ಮಾಡಿ ಕಲಿತದ್ದು, ಕೆಡಿಸಿಕೊಂಡು ಕಲಿತದ್ದು ಎರಡೂ ಇದೆ.

ಮೊದಲು ಎಣಿಸಿ. ಹೆಸರು ಕೇಳಬೇಡಿ

ಎಲ್ಲರೂ ಮಾಡುವ ಮೊದಲ ತಪ್ಪು ಪಟ್ಟಿ ಮಾಡೋದು. "ಊಟಕ್ಕೆ ತೊಂದರೆ ಇರುವವರು ಹೆಸರು ಕೊಡಿ" ಅಂತ ಕ್ಲಾಸಿನಲ್ಲಿ ಕೇಳಿದರೆ ಒಂದು ಕೈಯೂ ಏಳೋದಿಲ್ಲ. ಎದ್ದರೆ ಯಾರೋ ತಮಾಷೆಗೆ ಎತ್ತಿದ ಕೈ ಅದು. ಹಸಿದವರು ನಿಮ್ಮ ಮುಂದೆ ಹಸಿವು ಅನ್ನೋದಿಲ್ಲ. "ಬೆಳಿಗ್ಗೆ ಜಾಸ್ತಿ ತಿಂದ್ಬಿಟ್ಟೆ", "ಇವತ್ತು ಒಪ್ಪತ್ತು", "ಹೊರಗಿಂದು ಆಗಲ್ಲ ಮೇಡಂ" ಅನ್ನುತ್ತಾರೆ.

ಅದಕ್ಕೆ ಹೆಸರಿಲ್ಲದ ಚೀಟಿ ಕೊಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಎಂಟು ಪ್ರಶ್ನೆಗಳ ಒಂದು ಅಳತೆಗೋಲು ಇಟ್ಟುಕೊಂಡಿದ್ದಾರೆ. ಹಣದ ತೊಂದರೆಯಿಂದ ಊಟ ಬಿಟ್ಟಿರಾ, ಒಂದೇ ಥರದ್ದು ತಿಂದಿರಾ, ದಿನವಿಡೀ ಏನೂ ತಿನ್ನದೆ ಇದ್ದಿರಾ ಅಂತ ಅದರಲ್ಲಿ ಕೇಳುತ್ತಾರೆ. ನಮಗೆ ಅಷ್ಟು ಬೇಡ. ನಾವು ಕೇಳಿದ್ದು ನಾಲ್ಕೇ:

ಕಳೆದ ಏಳು ದಿನದಲ್ಲಿ ಎಷ್ಟು ದಿನ ಬೆಳಿಗ್ಗೆ ಏನೂ ತಿನ್ನದೆ ಕಾಲೇಜಿಗೆ ಬಂದಿರಿ? ಎಷ್ಟು ದಿನ ಮಧ್ಯಾಹ್ನದ ಊಟ ಬಿಟ್ಟಿರಿ? ಯಾಕೆ? ಮನೆಯಿಂದ ಎಷ್ಟು ಗಂಟೆಗೆ ಹೊರಡುತ್ತೀರಿ?

"ಯಾಕೆ" ಅನ್ನೋದಕ್ಕೆ ಟಿಕ್ ಹಾಕಲು ಐದು ಉತ್ತರ ಕೊಡಿ. ಬಸ್ ಬೇಗ ಬರುತ್ತದೆ; ಮನೆಯಲ್ಲಿ ಅಡುಗೆ ಆಗಿರೋದಿಲ್ಲ; ದುಡ್ಡಿಲ್ಲ; ಡಬ್ಬಿ ತರೋಕೆ ನಾಚಿಕೆ; ಬೇಡ ಅನ್ನಿಸಿತು. ಚೀಟಿಯನ್ನು ಎಲ್ಲರೂ ತುಂಬಬೇಕು, ಡಬ್ಬದಲ್ಲಿ ಮಡಚಿ ಹಾಕಬೇಕು. ತಿಂಗಳ ಮೊದಲ ವಾರ ಮಾಡಬೇಡಿ. ಸಂಬಳ, ಬಟವಾಡೆ ಆಗಿ ಎಲ್ಲರ ಮನೆಯಲ್ಲೂ ಸ್ವಲ್ಪ ದುಡ್ಡಿರುವ ಹೊತ್ತು ಅದು. ಕೊನೆಯ ವಾರ ಮಾಡಿ.

ಈ ಚೀಟಿಗಳು ಹೇಳಿದ್ದು ನಮಗೆ ಗೊತ್ತಿರಲಿಲ್ಲ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅವರ ವ್ಯಾನು ಬೆಳಿಗ್ಗೆ ಆರಕ್ಕೇ ಬರುತ್ತದೆ. ಮಗಳ ಬಸ್ಸು ಆರು ನಲವತ್ತಕ್ಕೆ. ಅದು ತಪ್ಪಿದರೆ ಮುಂದಿನದು ಒಂಬತ್ತೂವರೆಗೆ, ಅಷ್ಟೊತ್ತಿಗೆ ಮೊದಲ ಕ್ಲಾಸು ಮುಗಿದಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡೇನೋ ಉಳಿಯಿತು. ಆದರೆ ಬಸ್ಸಿನ ಟೈಮ್ ಬದಲಾಗಲಿಲ್ಲ. ಆ ಮನೆಯಲ್ಲಿ ಅಕ್ಕಿ ಇದೆ, ಅನ್ನಭಾಗ್ಯದ್ದೂ ಇದೆ. ಬೇಯಿಸುವವರಿಗೆ ಹೊತ್ತಿಲ್ಲ.

ಇನ್ನೊಂದು ಉತ್ತರ ಇನ್ನೂ ಸಣ್ಣದು, ಇನ್ನೂ ಚುಚ್ಚುವಂಥದ್ದು. "ಡಬ್ಬಿ ತರೋಕೆ ನಾಚಿಕೆ." ರಾತ್ರಿಯ ಮುದ್ದೆ ಬೆಳಿಗ್ಗೆಗೆ ಗಟ್ಟಿಯಾಗಿರುತ್ತದೆ. ಅದನ್ನು ಡಬ್ಬಿಯಲ್ಲಿ ತಂದು, ಚಪಾತಿ ಪಲ್ಯ ತಂದವರ ಮಧ್ಯೆ ತೆಗೆಯಬೇಕು. ಅದರ ಬದಲು ಲೈಬ್ರರಿಯೇ ವಾಸಿ ಅನ್ನಿಸುತ್ತದೆ, ಅಲ್ವಾ?

ಈ ಎಣಿಕೆ ಯಾಕೆ ಅಷ್ಟು ಮುಖ್ಯ ಅಂದರೆ, ಬಸ್ಸಿನ ಹಸಿವಿಗೆ ಒಂದು ಮದ್ದು, ದುಡ್ಡಿನ ಹಸಿವಿಗೆ ಇನ್ನೊಂದು, ನಾಚಿಕೆಯ ಹಸಿವಿಗೆ ಮತ್ತೊಂದು.

ಖರ್ಚಿಲ್ಲದ್ದನ್ನು ಮೊದಲ ವಾರವೇ ಮಾಡಿ

ಟೈಮ್‌ಟೇಬಲ್ ತೆಗೆದು ನೋಡಿ. ಆರೂವರೆಗೆ ಮನೆ ಬಿಟ್ಟ ಮಗುವಿಗೆ ಒಂದೂಕಾಲಿಗೆ ಊಟದ ಬೆಲ್ ಅಂದರೆ ಆರೂಮುಕ್ಕಾಲು ಗಂಟೆ ಆಯಿತು. ಹನ್ನೊಂದಕ್ಕೆ ಇಪ್ಪತ್ತು ನಿಮಿಷದ ಬಿಡುವು ಹಾಕಿ. ಪ್ರಿನ್ಸಿಪಾಲರು ಒಪ್ಪಿದರೆ ಸಾಕು, ಬೇರೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಕೂತು ತಿನ್ನಲು ಒಂದು ಕೋಣೆ ಬಿಟ್ಟುಕೊಡಿ. ಮರದ ಕೆಳಗೆ ಹುಡುಗರು ತಿನ್ನುತ್ತಾರೆ, ಹುಡುಗಿಯರು ತಿನ್ನೋದಿಲ್ಲ. ಕೈ ತೊಳೆಯಲು ನಲ್ಲಿ, ಕುಡಿಯೋಕೆ ನೀರು ಇರಬೇಕು. ನೀರಿಲ್ಲ ಅಂತ ತಿನ್ನದೇ ಇರುವವರೂ ಇದ್ದಾರೆ. ಶೌಚಾಲಯ ಚೆನ್ನಾಗಿಲ್ಲ ಅಂತ ನೀರೂ ಕುಡಿಯದೆ ಇರುವ ಹುಡುಗಿಯರಿದ್ದಾರೆ. ಇದು ಊಟದ ಲೇಖನ ಅಂತ ಅದನ್ನು ಬಿಡೋಕಾಗೋದಿಲ್ಲ.

ಆಮೇಲೆ ಶೇಂಗಾ. ಒಂದು ಹಿಡಿ ಹುರಿದ ಶೇಂಗಾ, ಒಂದು ತುಂಡು ಬೆಲ್ಲ. 40 ಗ್ರಾಂ ಶೇಂಗಾ ಮತ್ತು 20 ಗ್ರಾಂ ಬೆಲ್ಲ ಸೇರಿದರೆ ಸುಮಾರು 300 ಕ್ಯಾಲರಿ, 10 ಗ್ರಾಂ ಪ್ರೋಟೀನ್ ಆಯಿತು. ಕೆಡೋದಿಲ್ಲ, ಬೇಯಿಸಬೇಕಾಗಿಲ್ಲ, ಪಾತ್ರೆ ತೊಳೆಯಬೇಕಾಗಿಲ್ಲ. ಸ್ಟಾಫ್ ರೂಮಿನಲ್ಲಿ ಇಡಬೇಡಿ. ಅಲ್ಲಿಗೆ ಬಂದು ಕೈ ಚಾಚುವವರು ಯಾರೂ ಇಲ್ಲ. ನಾವು ಲೈಬ್ರರಿಯ ಬಾಗಿಲ ಪಕ್ಕ ಎರಡು ಸ್ಟೀಲ್ ಡಬ್ಬ ಇಟ್ಟೆವು, ಒಂದು ಚಮಚ ಇಟ್ಟೆವು, ಕಾವಲಿಗೆ ಯಾರನ್ನೂ ಇಡಲಿಲ್ಲ. ಮೊದಲ ವಾರ ಹೊಟ್ಟೆ ತುಂಬಿದವರೂ ಜೇಬು ತುಂಬಿಸಿಕೊಂಡು ಹೋದರು. ಹೋಗಲಿ ಅಂತ ಬಿಟ್ಟೆವು. ಎರಡನೇ ವಾರಕ್ಕೆ ಅವರಿಗೆ ಬೇಜಾರಾಯಿತು, ಬೇಕಾದವರು ಉಳಿದರು. ಶೇಂಗಾ ತಿಂದರೆ ಮೈಗೆ ಆಗದವರು ಇರುತ್ತಾರೆ, ಪಕ್ಕದಲ್ಲಿ ಹುರಿಗಡಲೆಯೂ ಇರಲಿ.

ಸರಕಾರದಿಂದ ಬರಬೇಕಾದ್ದನ್ನು ಬಿಡಿಸಿಕೊಡಿ

ಇದು ಬೇಜಾರಿನ ಕೆಲಸ. ಆದರೆ ಅಡುಗೆಮನೆಗಿಂತ ಜಾಸ್ತಿ ಹೊಟ್ಟೆ ತುಂಬಿಸುವುದು ಇದೇ.

ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿವೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ನಡೆಸುತ್ತವೆ. ಊಟ, ವಸತಿ ಎರಡೂ ಉಚಿತ. ಅರ್ಜಿ ಆನ್‌ಲೈನ್. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಮಕ್ಕಳು ಕೈಬಿಡುತ್ತಾರೆ. ಖಾಲಿ ಸೀಟುಗಳಿಗೆ ಮತ್ತೆ ಪಟ್ಟಿ ಬರುತ್ತದೆ, ವಾರ್ಡನ್ ಹತ್ತಿರ ವಿಚಾರಿಸುತ್ತಲೇ ಇರಬೇಕು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಊಟ ವಸತಿಗೆ ಅಂತ ತಿಂಗಳಿಗೆ ₹1,500ರಂತೆ 10 ತಿಂಗಳಿಗೆ ಲೆಕ್ಕ ಹಾಕಿ ಶುರು ಮಾಡಿದ ಯೋಜನೆ. ದಿನಕ್ಕೆ ₹50. ಮೂರು ಹೊತ್ತಿಗೆ ಭಾಗ ಮಾಡಿದರೆ ಹೊತ್ತಿಗೆ ₹17 ಕೂಡ ಬರೋದಿಲ್ಲ. ಆದರೂ ಬಿಡುವಂಥದ್ದಲ್ಲ. ಅರ್ಜಿ ಹಾಕೋದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಮಕ್ಕಳ ಬಾಯಲ್ಲಿ ಎಸ್‌ಎಸ್‌ಪಿ.

ಅರ್ಜಿ ಹಾಕಿಯೂ ಹಣ ಬರದಿರುವುದಕ್ಕೆ ನಾವು ಕಂಡ ಕಾರಣಗಳು ಮತ್ತೆ ಮತ್ತೆ ಅವೇ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಅಪ್ಪನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದಾರೆ, ಆದರೆ ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ, ಅಂದರೆ ಸರಕಾರದ ಹಣ ಆಧಾರ್ ನಂಬರ್ ಹಿಡಿದು ಯಾವ ಖಾತೆಗೆ ಹೋಗಬೇಕು ಅಂತ ಬ್ಯಾಂಕಿನವರು ದಾಖಲಿಸಿಲ್ಲ. ಇವೆರಡೂ ಒಂದೇ ಅಂತ ಮಕ್ಕಳು ಅಂದುಕೊಂಡಿರುತ್ತಾರೆ, ಎಷ್ಟೋ ಮೇಷ್ಟರುಗಳೂ ಅಂದುಕೊಂಡಿರುತ್ತಾರೆ. ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಅಣ್ಣನದು, ಅವನು ಬೆಂಗಳೂರಲ್ಲಿ ಡೆಲಿವರಿ ಮಾಡುತ್ತಿರುತ್ತಾನೆ, ಒಟಿಪಿ ಹೇಳಲು ಫೋನ್ ಎತ್ತೋದಿಲ್ಲ.

ಇದಕ್ಕೆ ಕಾಲೇಜಿನಲ್ಲೇ ಒಂದು ಮೇಜು ಹಾಕಿ. ಎರಡು ಕಂಪ್ಯೂಟರ್, ಕಳೆದ ವರ್ಷ ತಾವೇ ಅರ್ಜಿ ಹಾಕಿ ಗೆದ್ದ ಮೂವರು ಸೀನಿಯರ್‌ಗಳು. ಅರ್ಜಿ ಕರೆದ ದಿನದಿಂದ ಕೊನೆ ದಿನದವರೆಗೆ ದಿನಾ ಒಂದು ಗಂಟೆ. ಸೈಬರ್ ಸೆಂಟರ್‌ಗೆ ಕೊಡುವ ದುಡ್ಡೂ ಉಳಿಯುತ್ತದೆ.

ಒಂದು ಎಚ್ಚರ. ಈ ಹಣ ಯಾವಾಗ ಬರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಜುಲೈನ ಹಸಿವಿಗೆ ಮಾರ್ಚ್‌ನಲ್ಲಿ ದುಡ್ಡು ಬಂದರೆ ಅದು ಸಾಲ ತೀರಿಸೋಕೆ ಹೋಗುತ್ತದೆ. ಆದ್ದರಿಂದ ಮೇಜು ಹಾಕಿ ಸುಮ್ನೆ ಕೂರಬೇಡಿ. ಊಟವೂ ಬೇಕು.

ನಿಮ್ಮೂರಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಅರ್ಧ ಕೆಲಸ ಆಯಿತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಶುರುವಾದಾಗ ತಿಂಡಿಗೆ ₹5, ಊಟಕ್ಕೆ ₹10 ಇಟ್ಟಿದ್ದರು. ಆಮೇಲೆ ಜಿಲ್ಲೆ, ತಾಲ್ಲೂಕುಗಳಿಗೂ ಬಂತು. ತಟ್ಟೆಗಳ ಸಂಖ್ಯೆ ಮಿತಿ ಇರುತ್ತದೆ, ತಡವಾಗಿ ಹೋದವರಿಗೆ ಇರೋದಿಲ್ಲ. ಆದ್ದರಿಂದ ಕಾಲೇಜಿನ ಬಿಡುವು ಕ್ಯಾಂಟೀನಿನ ಹೊತ್ತಿಗೆ ಹೊಂದುತ್ತದೆಯೇ, ನಡೆದು ಹೋಗಿ ಬರಲು ಎಷ್ಟು ನಿಮಿಷ ಬೇಕು ಅಂತ ನೀವೇ ಒಂದು ದಿನ ನಡೆದು ನೋಡಿ. ಮಠ, ದೇವಸ್ಥಾನದ ದಾಸೋಹ ಹತ್ತಿರವಿದ್ದರೂ ಹೀಗೇ.

ಅಡುಗೆಮನೆ

ನಮ್ಮೂರಲ್ಲಿ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ನಾವೇ ಬೇಯಿಸಿದೆವು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ. ಐದೂ ದಿನ ಶುರು ಮಾಡಿ ಮೂರನೇ ವಾರಕ್ಕೆ ನಿಲ್ಲಿಸಿದರೆ ಮಕ್ಕಳು ಇನ್ನೊಂದು ಸಲ ನಿಮ್ಮನ್ನು ನಂಬೋದಿಲ್ಲ.

ಅಡುಗೆ ಯಾರು ಮಾಡೋದು? ಇಲ್ಲಿ ನಮಗೊಂದು ವಿಷಯ ಗೊತ್ತಾಯಿತು. ನಮ್ಮ ಹುಡುಗರಲ್ಲಿ ತುಂಬಾ ಜನ ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ಗೆ ಬಡಿಸಲು ಹೋಗುತ್ತಾರೆ. ಬಿಳಿ ಅಂಗಿ, ಕೈಗೆ ಗ್ಲೌಸು, ಮೂರು ಪಂಕ್ತಿ ಬಡಿಸಿದರೆ ಕೂಲಿ, ಜೊತೆಗೆ ಹೊಟ್ಟೆ ತುಂಬಾ ಊಟ. ಆಷಾಢ ಬಂತೆಂದರೆ ಮದುವೆ ಇಲ್ಲ, ಕೂಲಿ ಇಲ್ಲ, ಆ ಊಟವೂ ಇಲ್ಲ. ನಾವು ಸಹಾಯ ಮಾಡಬೇಕು ಅಂದುಕೊಂಡಿದ್ದ ಹುಡುಗರೇ ಅವರು. ಅವರಿಗೆ ಸಾಂಬಾರಿನ ಕೊಳಗ ಇಬ್ಬರು ಹೇಗೆ ಎತ್ತಬೇಕು ಗೊತ್ತು. ನೂರು ಜನಕ್ಕೆ ಎಷ್ಟು ಉಪ್ಪು ಅಂತ ಗೊತ್ತು. ಬಗ್ಗಿ ಬಡಿಸುವಾಗ ಸೌಟಿನಿಂದ ಒಂದು ಹನಿ ಕೆಳಗೆ ಬೀಳೋದಿಲ್ಲ. ನನಗೆ ಆರು ಜನಕ್ಕಿಂತ ಜಾಸ್ತಿ ಮಾಡಿ ಅಭ್ಯಾಸವಿಲ್ಲ. ಹಾಗಾಗಿ ಅಡುಗೆಮನೆಯ ಯಜಮಾನಿಕೆ ಅವರಿಗೇ ಬಿಟ್ಟೆವು. ಬೆಂಕಿಯ ಮುಂದೆ ನಿಲ್ಲಲು ಊರಿನ ಒಬ್ಬ ಅಡುಗೆಯವರನ್ನು ದಿನಗೂಲಿಗೆ ಇಟ್ಟುಕೊಂಡೆವು. ಕ್ಲಾಸ್ ಬಿಟ್ಟು ಬೇಯಿಸಬಾರದು, ಅದೊಂದು ಕಟ್ಟುನಿಟ್ಟು.

ಅಳತೆಗೆ ಬಿಸಿಯೂಟದ ಲೆಕ್ಕವನ್ನೇ ಹಿಡಿದೆವು. 6ರಿಂದ 8ನೇ ತರಗತಿಯ ಮಗುವಿಗೆ ಅಕ್ಕಿ 150 ಗ್ರಾಂ, ಬೇಳೆ 30 ಗ್ರಾಂ, ತರಕಾರಿ 75 ಗ್ರಾಂ, ಎಣ್ಣೆ 7.5 ಗ್ರಾಂ. 60 ಜನಕ್ಕೆ ಗುಣಿಸಿದರೆ 9 ಕೆ.ಜಿ. ಅಕ್ಕಿ, 1.8 ಕೆ.ಜಿ. ಬೇಳೆ, 4.5 ಕೆ.ಜಿ. ತರಕಾರಿ, ಅರ್ಧ ಕೆ.ಜಿ.ಗೆ ಸ್ವಲ್ಪ ಕಮ್ಮಿ ಎಣ್ಣೆ. ಮೊದಲ ದಿನ ಇಷ್ಟೇ ಹಾಕಿದೆವು. ನಲವತ್ತನೇ ತಟ್ಟೆಗೆ ಅನ್ನ ತಳ ಕಂಡಿತು. ಹೈಸ್ಕೂಲಿಗೂ ಹೋಗದ ಮಕ್ಕಳ ಅಳತೆ ಇಪ್ಪತ್ತರ ಹುಡುಗರಿಗೆ ಎಲ್ಲಿ ಸಾಕು? ಸಾಲಿನ ಕೊನೆಯಲ್ಲಿದ್ದವರು "ನಮಗೆ ಹಸಿವಿಲ್ಲ ಮೇಡಂ" ಅಂತ ಸುಮ್ನೆ ಹೋದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಆಮೇಲಿಂದ 60 ಜನಕ್ಕೆ 12 ಕೆ.ಜಿ. ಅಕ್ಕಿ, 2.5 ಕೆ.ಜಿ. ಬೇಳೆ. ಉಳಿದರೆ ಉಳಿಯಲಿ, ಸಾಲದೆ ಬರಬಾರದು.

ಖರ್ಚು ನಮ್ಮೂರಿನ ದರದಲ್ಲಿ ಒಂದು ತಟ್ಟೆಗೆ ಮೂವತ್ತರಿಂದ ಮೂವತ್ತೈದು ರೂಪಾಯಿ ಬೀಳುತ್ತದೆ. ಅದರಲ್ಲಿ ಅಕ್ಕಿಯದೇ ದೊಡ್ಡ ಪಾಲು, ಆಮೇಲೆ ಅಡುಗೆಯವರ ಕೂಲಿ, ಆಮೇಲೆ ಬೇಳೆ, ಗ್ಯಾಸು. ತರಕಾರಿಯನ್ನು ಸಂತೆ ಮುಗಿಯುವ ಹೊತ್ತಿಗೆ ಹೋಗಿ ತನ್ನಿ.

ಏನು ಮಾಡಬೇಕು? ಮಂಗಳವಾರ ನಾವು ಬೇಕಂತಲೇ ಮುದ್ದೆ ಇಟ್ಟೆವು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಪ್ರಿನ್ಸಿಪಾಲರು, ಇಂಗ್ಲಿಷ್ ಮೇಷ್ಟ್ರು, ಲೈಬ್ರೇರಿಯನ್ ಎಲ್ಲರೂ ಕೂತು ಮುದ್ದೆ ಮುರಿದರು. ಎರಡು ತಿಂಗಳಲ್ಲಿ ಡಬ್ಬಿಯಲ್ಲಿ ಮುದ್ದೆ ತರುವವರು ಮತ್ತೆ ಕಾಣಿಸಿದರು. ಭಾಷಣ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಬೆಳೆಯುವ ವಯಸ್ಸಿಗೆ ಇನ್ನೇನು ಬೇಕು?

ಶುಕ್ರವಾರ ಅನ್ನ, ಸೊಪ್ಪಿನ ಸಾರು, ಮೊಟ್ಟೆ ಅಥವಾ ಬಾಳೆಹಣ್ಣು. ಜೊತೆಗೆ ನಿಂಬೆಹೋಳು. ನಿಂಬೆ ರುಚಿಗಷ್ಟೇ ಅಲ್ಲ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲೂ ಅದು ಬೇಕು. ಊಟದ ಹಿಂದೆಯೇ ಟೀ ಕುಡಿದರೆ ಆ ಕಬ್ಬಿಣ ಸರಿಯಾಗಿ ಹತ್ತೋದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆ ಇತ್ತು. ಎನ್‌ಸಿಸಿ ಪರೇಡಿನಲ್ಲಿ ಹುಡುಗಿ ಬಿದ್ದರೆ "ಬಿಸಿಲು" ಅಂತ ಮುಖಕ್ಕೆ ನೀರು ಹಾಕಿ ಮುಗಿಸಬೇಡಿ. ಬೆಳಿಗ್ಗೆ ಏನು ತಿಂದಳು ಅಂತ ಪಕ್ಕಕ್ಕೆ ಕರೆದು ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆ ಅಲ್ಲಿ ಉಚಿತ.

ಶುಚಿಯ ವಿಷಯ ಚುಟುಕಾಗಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಸಣ್ಣ ಮಟ್ಟದ ನೋಂದಣಿಯ ಶುಲ್ಕ ವರ್ಷಕ್ಕೆ ₹100, ಅದಕ್ಕೂ ಹಿಂದೆ ಮುಂದೆ ನೋಡಬೇಡಿ. ಬಡಿಸುವ ಅರ್ಧ ಗಂಟೆ ಮೊದಲು ಅಧ್ಯಾಪಕರೊಬ್ಬರು ತಿಂದು ನೋಡಬೇಕು, ಶಾಲೆಗಳಲ್ಲಿ ಮಾಡುವ ಹಾಗೆ. ಸಾರು ಹೊಗೆಯಾಡುತ್ತಿರುವಾಗಲೇ ಬಡಿಸಿ. ಉಳಿದ ಅನ್ನ ನಾಳೆಗೆ ಬೇಡವೇ ಬೇಡ.

ಕಲ್ಯಾಣ ಮಂಟಪದಿಂದ ಫೋನ್ ಬರುತ್ತದೆ. "ಮೇಡಂ, ಇನ್ನೂರು ಜನದ ಊಟ ಉಳಿದಿದೆ, ಹುಡುಗರಿಗೆ ಕೊಡ್ತೀರಾ?" ಮನಸ್ಸು ಆಸೆಪಡುತ್ತದೆ. ಗಂಟೆ ನೋಡಿ. ಮೂರೂವರೆಗೆ ಬಂದ ಫೋನಿಗೆ "ಬೇಡ" ಅನ್ನಿ. ಆ ಪಲ್ಯ ಬೆಳಗಿನ ಜಾವ ಬೆಂದದ್ದು. ಲಾಡು, ಹಣ್ಣು, ಹಪ್ಪಳ ಕೊಟ್ಟರೆ ಸಂತೋಷವಾಗಿ ತೆಗೆದುಕೊಳ್ಳಿ.

ಒಂದೇ ಪಂಕ್ತಿ

ಇಡೀ ಕೆಲಸ ನಿಲ್ಲುವುದೂ ಬೀಳುವುದೂ ಇಲ್ಲೇ.

ನಮ್ಮ ಅಜ್ಜನ ಕಾಲದಲ್ಲಿ ವಾರಾನ್ನ ಅಂತ ಇತ್ತು. ಓದುವ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಣ್ಣಬೇಕು. ಹಾಗೆ ಉಂಡು ದೊಡ್ಡವರಾದವರು ಎಷ್ಟೋ ಜನ. ಆದರೆ ಯಾವ ಮನೆ ಯಾರಿಗೆ ತೆರೆದಿತ್ತು ಅನ್ನೋದನ್ನು ಜಾತಿ ನಿರ್ಧರಿಸುತ್ತಿತ್ತು. ಏಳು ಮನೆಯ ಋಣವೂ ಹುಡುಗನ ತಲೆಯ ಮೇಲೆ. ಸಿದ್ಧಗಂಗಾ ಮಠದ ದಾಸೋಹ ಬೇರೆ ಥರ. ಅಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣುತ್ತಾರೆ, ತಟ್ಟೆ ನೋಡಿ ಯಾರು ಬಡವ ಅಂತ ಹೇಳಲಾಗದು. ತುಮಕೂರಿನವಳಾದ್ದರಿಂದ ನನಗೆ ಅದು ಕಣ್ಣಿಗೆ ಕಟ್ಟಿದೆ. ಕಾಲೇಜಿನಲ್ಲಿ ನಕಲು ಮಾಡಬೇಕಾದ್ದು ಆ ಸಾಲನ್ನು.

ಅಂದರೆ ಬಿಪಿಎಲ್ ಕಾರ್ಡ್ ತೋರಿಸಿ ಅನ್ನಬಾರದು. ಬಡವರಿಗೆ ಹಳದಿ ಕೂಪನ್, ಉಳಿದವರಿಗೆ ಬಿಳಿ ಕೂಪನ್ ಬೇಡ. ಬಂದವರೆಲ್ಲರಿಗೂ ಊಟ. ಹುಂಡಿ ಒಂದು ಇರಲಿ, ಕೈ ತೊಳೆಯುವ ಜಾಗದ ಒಳಗೆ, ಬಡಿಸುವವರ ಕಣ್ಣಿಗೆ ಬೀಳದ ಹಾಗೆ. ₹10 ಹಾಕುವವರು ಹಾಕಲಿ, ₹50 ಹಾಕುವವರು ಹಾಕಲಿ, ಕೈ ಒಳಗೆ ತೂರಿಸಿ ಸುಮ್ನೆ ಬರುವವರೂ ಬರಲಿ. ಅಧ್ಯಾಪಕರು ಅಲ್ಲೇ ಉಣ್ಣಬೇಕು. ಅವರು ದುಡ್ಡು ಕೊಡಲೇಬೇಕು.

"ಇದ್ದವರೂ ಬಂದು ತಿಂದುಬಿಟ್ಟರೆ?" ಅಂತ ಪ್ರತಿ ಮೀಟಿಂಗಿನಲ್ಲಿ ಯಾರಾದರೂ ಕೇಳುತ್ತಾರೆ. ತಿನ್ನಲಿ. ಅವರು ಕೂತಿದ್ದಕ್ಕೇ ಇಲ್ಲದವರು ಬಂದು ಕೂರೋದು.

ಫೋಟೋ ಬೇಡ. ದಾನಿಗಳು ಸೌಟು ಹಿಡಿದು, ಪಕ್ಕದಲ್ಲಿ ತಲೆ ತಗ್ಗಿಸಿದ ಹುಡುಗಿ ತಟ್ಟೆ ಹಿಡಿದು, ಅದು ವಾಟ್ಸಾಪಿಗೆ ಹೋದರೆ ಮರುದಿನ ಆ ಹುಡುಗಿ ಬರೋದಿಲ್ಲ. ಫೋಟೋ ಬೇಕೇಬೇಕು ಅನ್ನುವವರಿಗೆ ಕೊಳಗದ ಫೋಟೋ ಕಳಿಸಿ. ನಾನು ಕಳಿಸಿದ್ದೇನೆ.

ಜಾತಿಯ ಮಾತು ಬಂದೇ ಬರುತ್ತದೆ. ಅಡುಗೆಯವರು ಯಾರು ಅಂತ ಯಾರೋ ಪಿಸುಗುಡುತ್ತಾರೆ. ಮೊದಲ ದಿನವೇ ಜೋರಾಗಿ ಹೇಳಿಬಿಡಿ: ಒಂದೇ ಒಲೆ, ಒಂದೇ ಪಂಕ್ತಿ, ಬೇಡದವರು ಉಣ್ಣದಿರಲಿ, ಬೇರೆ ಪಾತ್ರೆ ಇಡೋದಿಲ್ಲ. ಮೆತ್ತಗೆ ಹೇಳಿದರೆ ಎರಡನೇ ವಾರಕ್ಕೆ ಎರಡನೇ ಪಾತ್ರೆ ಬಂದಿರುತ್ತದೆ. ಮೊಟ್ಟೆ ತಿನ್ನೋದು ಬಿಡೋದು ಅವರವರ ಇಷ್ಟ, ಅದು ಬೇರೆ ವಿಷಯ. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿಗೆ ಬಾಳೆಹಣ್ಣು, ಶೇಂಗಾ ಕಟ್ಟಿಕೊಡಿ, ಸಂಜೆಗೆ ಆಗುತ್ತದೆ.

ದುಡ್ಡು ಮತ್ತು ಲೆಕ್ಕ

ಸರಕಾರಿ ಕಾಲೇಜಾದರೆ ಮೊದಲು ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಒಂದು ಠರಾವು ಮಾಡಿಸಿಕೊಳ್ಳಿ. ಪ್ರಿನ್ಸಿಪಾಲರು ವರ್ಗವಾಗಿ ಹೋದರೂ ಕಾಗದ ಇರುತ್ತದೆ. ಬೇರೆ ಬ್ಯಾಂಕ್ ಖಾತೆ, ಇಬ್ಬರ ಸಹಿ. ಮಕ್ಕಳಿಂದ ಕಡ್ಡಾಯ ವಸೂಲಿ ಯಾವ ಹೆಸರಿನಲ್ಲೂ ಬೇಡ.

ಹಳೆ ವಿದ್ಯಾರ್ಥಿಗಳನ್ನು "ದೇಣಿಗೆ ಕೊಡಿ" ಅಂತ ಕೇಳಿದರೆ ನಾಳೆ ಅನ್ನುತ್ತಾರೆ. "ಒಂದು ಶುಕ್ರವಾರದ ಊಟ, ಸುಮಾರು ಎರಡು ಸಾವಿರ, ನಿಮ್ಮ ಹುಟ್ಟುಹಬ್ಬ ಯಾವತ್ತು?" ಅಂತ ಕೇಳಿ. ತಾರೀಖು ಹೇಳಿಬಿಡುತ್ತಾರೆ. ಹಳ್ಳಿಯವರನ್ನು ದುಡ್ಡು ಕೇಳಬೇಡಿ. ಸುಗ್ಗಿ ಆದ ಮೇಲೆ ರಾಗಿ ಕೇಳಿ, ಅವರೆಕಾಯಿ ಕಾಲದಲ್ಲಿ ಅವರೆ ಕೇಳಿ, ತೆಂಗಿನಕಾಯಿ ಕೇಳಿ. ನಮಗೆ ಬಂದ ಕಾಯಿಗಳಲ್ಲಿ ಒಂದಷ್ಟು ಇಲ್ಲೇ ಉಣ್ಣುವ ಮಕ್ಕಳ ಮನೆಯವೇ. ಅವರೂ ಕೊಟ್ಟವರಾದರು.

ಪಡಿತರದ ಅಕ್ಕಿ ಕಮ್ಮಿ ರೇಟಿಗೆ ಕೊಡುತ್ತೇವೆ ಅಂತ ಯಾರಾದರೂ ಬರುತ್ತಾರೆ. ಅದನ್ನು ಮಾರಿದರೂ ತಪ್ಪು, ಕೊಂಡರೂ ತಪ್ಪು. ಅದರ ಸಹವಾಸ ಬೇಡ. ಹಾಗೆಯೇ ಪಕ್ಕದ ಶಾಲೆಯ ಬಿಸಿಯೂಟದಲ್ಲಿ ಪಾಲು ಕೇಳಬೇಡಿ. ಅದು ಅಲ್ಲಿನ ಮಕ್ಕಳ ಲೆಕ್ಕಕ್ಕೆ ಬಂದದ್ದು.

ಖರ್ಚಿನ ಲೆಕ್ಕವನ್ನು ತಿಂಗಳ ಮೊದಲ ದಿನ ನೋಟಿಸ್ ಬೋರ್ಡಿಗೆ ಹಾಕಿ, ಚಿಲ್ಲರೆ ಸಮೇತ.

ರೂಮು ಮಾಡಿಕೊಂಡಿರುವ ಮಕ್ಕಳಿಗೆ

ಇವರನ್ನು ಎಲ್ಲರೂ ಮರೆಯುತ್ತಾರೆ. ನಾಲ್ಕು ಹುಡುಗರು ಒಂದು ರೂಮು, ರಾತ್ರಿ ಊಟಕ್ಕೆ ಎಗ್ ರೈಸ್ ಅಥವಾ ಬಿಸ್ಕತ್ತು. ನೀವು ಇಂಥ ರೂಮಿನವರಾದರೆ ಮೊದಲ ಕೆಲಸ ನಾಲ್ವರ ದುಡ್ಡು ತಿಂಗಳ ಮೊದಲ ದಿನ ಒಟ್ಟು ಮಾಡಿ ಅಕ್ಕಿ, ಬೇಳೆ, ಹುರುಳಿಕಾಳು, ರಾಗಿಹಿಟ್ಟು, ಎಣ್ಣೆ ತಂದಿಟ್ಟುಬಿಡೋದು. ಕೈಯಲ್ಲಿದ್ದರೆ ಖರ್ಚಾಗುತ್ತದೆ, ಡಬ್ಬದಲ್ಲಿದ್ದರೆ ಉಳಿಯುತ್ತದೆ. ಒಂದು ಕುಕ್ಕರ್ ಸಾಕು. ಅಕ್ಕಿ, ಬೇಳೆ, ಕೈಗೆ ಸಿಕ್ಕ ತರಕಾರಿ, ಅರಿಶಿನ, ಉಪ್ಪು, ಮೂರು ಕೂಗು. ಬೆಳಿಗ್ಗೆಗೆ ರಾತ್ರಿಯೇ ರಾಗಿ ಅಂಬಲಿ ಕಾಯಿಸಿಟ್ಟು ಮಜ್ಜಿಗೆ ಬೆರೆಸಿ ಕುಡಿದು ಹೋಗಿ. ಇಂಡಕ್ಷನ್ ಒಲೆ ಇಡುವ ಮೊದಲು ಓನರ್ ಹತ್ತಿರ ಕರೆಂಟ್ ಬಿಲ್ಲಿನ ಮಾತು ಮುಗಿಸಿಕೊಳ್ಳಿ.

ಹೊರದೇಶಕ್ಕೆ ಓದಲು ಹೋದ ನಮ್ಮ ಮಕ್ಕಳೂ ಹಸಿದಿರುತ್ತಾರೆ, ಸಾಲ ಮಾಡಿ ಕಳಿಸಿದ ಅಪ್ಪ ಅಮ್ಮನಿಗೆ ಹೇಳೋದಿಲ್ಲ ಅಷ್ಟೆ. ಅಮೆರಿಕದ ತುಂಬಾ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಫುಡ್ ಪ್ಯಾಂಟ್ರಿ ಇರುತ್ತದೆ. ಅಕ್ಕಿ, ಕಾಳು, ಡಬ್ಬಿ ಪದಾರ್ಥ ಉಚಿತವಾಗಿ ಸಿಗುತ್ತವೆ, ಹೆಚ್ಚಿನ ಕಡೆ ಕಾಲೇಜಿನ ಐಡಿ ಕಾರ್ಡ್ ಸಾಕು. ಎಫ್-1 ವೀಸಾದಲ್ಲಿ, ಅಂದರೆ ಓದುವವರ ವೀಸಾದಲ್ಲಿ, ಹೋದವರಿಗೆ ಅಲ್ಲಿನ ಸರಕಾರ ಬಡವರ ಊಟಕ್ಕೆ ಕೊಡುವ ಸ್ನಾಪ್ ನೆರವು ಸಿಗೋದಿಲ್ಲ, ಅದನ್ನೂ ಇದನ್ನೂ ಒಂದೇ ಅಂದುಕೊಂಡು ಹೆದರಬೇಡಿ. ಗುರುದ್ವಾರ ಹತ್ತಿರವಿದ್ದರೆ ಲಂಗರಿನಲ್ಲಿ ಹೋಗಿ ಕೂರಿ. ತಲೆಗೆ ಒಂದು ಬಟ್ಟೆ ಕಟ್ಟಿಕೊಂಡರಾಯಿತು, ಯಾರೂ ಏನೂ ಕೇಳೋದಿಲ್ಲ.

ನಿಂತುಹೋಗುವ ದಿನಗಳು

ಕ್ಯಾಲೆಂಡರ್ ತೆಗೆದು ಮೂರು ಕಡೆ ಕೆಂಪು ಗೆರೆ ಎಳೆಯಿರಿ. ಆಷಾಢ. ಹಬ್ಬಕ್ಕೆ ಹಾಸ್ಟೆಲ್ ಮೆಸ್ ಮುಚ್ಚುವ ದಿನಗಳು. ಪರೀಕ್ಷೆ.

ಪರೀಕ್ಷೆಯಲ್ಲಿ ಕ್ಲಾಸ್ ಇರೋದಿಲ್ಲ, ಹಾಗಾಗಿ ಊಟವೂ ಇಲ್ಲ ಅಂತ ನಾವು ಮೊದಲ ವರ್ಷ ಬಂದ್ ಮಾಡಿದ್ದೆವು. ಎರಡು ಗಂಟೆಗೆ ಪರೀಕ್ಷೆ, ಮಕ್ಕಳು ಬರೋದು ಅದೇ ಆರು ನಲವತ್ತರ ಬಸ್ಸಿಗೆ. ಮಧ್ಯಾಹ್ನದ ಬಸ್ಸನ್ನು ನಂಬಿ ಪರೀಕ್ಷೆ ತಪ್ಪಿಸಿಕೊಳ್ಳೋಕೆ ಯಾರಿಗೆ ಧೈರ್ಯ? ಏಳೂವರೆಯಿಂದ ಎರಡರವರೆಗೆ ಕಾರಿಡಾರಿನಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದರು. ಈಗ ಪರೀಕ್ಷೆಯ ದಿನ ಹನ್ನೊಂದೂವರೆಗೆ ಚಿತ್ರಾನ್ನ ಮಾಡುತ್ತೇವೆ. ಬೇಗ ಆಗುತ್ತದೆ, ತಟ್ಟೆ ಬೇಡ, ಮುತ್ತುಗದೆಲೆ ಸಾಕು. ಮೇಲೆ ಶೇಂಗಾ ಸ್ವಲ್ಪ ಜಾಸ್ತಿ.